ಹಂದಿಯ ಪರವಾಗಿ ಒಂದು ತಕರಾರು

ಕಳೆದ ತಿಂಗಳು ಒಂದು ಪುಸ್ತಕ ಬಿಡುಗಡೆಯ ಸಮಾರಂಭಕ್ಕೆ ಹೋಗಿದ್ದೆ. ಮುಖ್ಯ ಅತಿಥಿಗಳು ಓದಿಕೊಂಡವರು, ಒಳ್ಳೆಯ ಮಾತುಗಾರರು. ಅವರ ಹೆಸರು ಇಲ್ಲಿ ಬೇಡ. ನನ್ನ ತಕರಾರು ಇರುವುದು ಅವರೊಡನೆ ಅಲ್ಲ, ಅವರು ಆಡಿದ ಒಂದು ಮಾತಿನೊಡನೆ. ದಶಾವತಾರದ ಪ್ರಸ್ತಾಪ ಬಂದಾಗ ಅವರು ಹೇಳಿದ್ದರ ಸಾರಾಂಶ ಇಷ್ಟು: ಹಂದಿಗೂ ದೈವತ್ವವನ್ನು ಕೊಟ್ಟ ನಾಡು ನಮ್ಮದೊಂದೇ. ಯುರೋಪಿನವರಿಗೆ ಅದು ತಟ್ಟೆಯಲ್ಲಿ ಮಾಂಸ, ಪುರಾಣದಲ್ಲಿ ಪಾಪದ ಗುರುತು. ಬೇಕಾದರೆ ಗ್ರೀಕರ ಸರ್ಸಿಯ ಕಥೆಯನ್ನು ನೋಡಿ. ಹೊಟ್ಟೆಬಾಕರಾದ ಗಂಡಸರನ್ನು ಅವಳು ಹಂದಿಗಳನ್ನಾಗಿ ಮಾಡಿದಳು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಲು ಎತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡೆ.

ಏಕೆಂದರೆ ಆ ಮಾತು ನನ್ನದೇ ಆಗಿತ್ತು. ನನ್ನ ಕೈಯಲ್ಲಿ ಓದಿದವರಿಗೆ ನೆನಪಿರಬಹುದು, ಪಾಠ ಬೇಗ ಮುಗಿದ ದಿನ ನಾನು ಹೇಳುತ್ತಿದ್ದ ಕಥೆಗಳಲ್ಲಿ ಸರ್ಸಿಯದೂ ಒಂದು. ಹೇಳುವಾಗಲೆಲ್ಲ ಕೊನೆಯಲ್ಲಿ ನೀತಿಯೊಂದನ್ನು ಅಂಟಿಸುತ್ತಿದ್ದೆ: ನಾಲಿಗೆಯನ್ನು ಗೆಲ್ಲದವನು ಹಂದಿಯಾಗುತ್ತಾನೆ. ಮೂವತ್ತನಾಲ್ಕು ವರ್ಷ ಹೇಳಿದ ಈ ನೀತಿ ಮೂಲದಲ್ಲಿ ಇದೆಯೇ ಇಲ್ಲವೇ ಎಂದು ಒಮ್ಮೆಯೂ ನೋಡಿರಲಿಲ್ಲ. ನಿವೃತ್ತನಾದ ಮೇಲೆ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಮತ್ತೆ ಸಣ್ಣ ಅಕ್ಷರಗಳನ್ನು ಓದಲು ಸಾಧ್ಯವಾದಾಗ, ‘ಒಡಿಸ್ಸಿ’ಯ ಇಂಗ್ಲಿಷ್ ಅನುವಾದವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಓದಿ ನಾಚಿದೆ. ಆ ನಾಚಿಕೆಯ ಇನ್ನೊಂದು ಕಾರಣವನ್ನು ಕೊನೆಗೆ ಹೇಳುತ್ತೇನೆ.

ವರಾಹ ನಮ್ಮ ಹೆಮ್ಮೆ ಎಂಬುದರಲ್ಲಿ ಎರಡು ಮಾತಿಲ್ಲ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ಭೂದೇವಿಯನ್ನು ಎತ್ತಿ ನಿಂತ ವರಾಹನನ್ನು ನೀವೆಲ್ಲ ನೋಡಿದ್ದೀರಿ; ಪ್ರವಾಸದಲ್ಲಿ ನಾನೇ ಕೆಲವರನ್ನು ಕರೆದುಕೊಂಡು ಹೋಗಿದ್ದೆ. ಚಾಲುಕ್ಯರ ಲಾಂಛನ ವರಾಹ. ವಿಜಯನಗರದ ಚಿನ್ನದ ನಾಣ್ಯದ ಹೆಸರೂ ವರಾಹ. ಆದರೆ ನಮ್ಮ ಮನೆಯ ದೀಪ ಉರಿಯುತ್ತಿದೆ ಎಂದು ಹೇಳುವುದಕ್ಕೆ ಪಕ್ಕದ ಮನೆಯವರದು ಕತ್ತಲೆ ಎಂದು ಸುಳ್ಳು ಹೇಳಬೇಕೆ?

ಮೊದಲು ಸರ್ಸಿಯ ಕಥೆಯನ್ನೇ ನೋಡೋಣ. ‘ಒಡಿಸ್ಸಿ’ಯ ಹತ್ತನೆಯ ಕಾಂಡ. ಒಡಿಸ್ಸಿಯಸ್ ತನ್ನ ಜನರನ್ನು ಎರಡು ತಂಡ ಮಾಡಿ ಚೀಟಿ ಎತ್ತಿಸುತ್ತಾನೆ. ಚೀಟಿ ಬಿದ್ದ ಯೂರಿಲೋಕಸ್ ಇಪ್ಪತ್ತೆರಡು ಮಂದಿಯನ್ನು ಕರೆದುಕೊಂಡು ಹೊರಡುತ್ತಾನೆ. ಕಾಡಿನ ನಡುವೆ ಮನೆ, ಒಳಗೆ ಹಾಡುತ್ತಾ ಮಗ್ಗದ ಮುಂದೆ ನೇಯುತ್ತಿರುವ ಹೆಂಗಸು. ಅವಳು ಬಾಗಿಲು ತೆರೆದು ಕರೆಯುತ್ತಾಳೆ. ಅನುಮಾನಪಟ್ಟ ಯೂರಿಲೋಕಸ್ ಹೊರಗೇ ನಿಲ್ಲುತ್ತಾನೆ, ಉಳಿದವರು ಒಳಗೆ ಹೋಗುತ್ತಾರೆ. ಗಿಣ್ಣು, ಬಾರ್ಲಿ ಹಿಟ್ಟು, ಜೇನು, ದ್ರಾಕ್ಷಾರಸ ಕಲಸಿ, ಅದರಲ್ಲಿ ಮದ್ದು ಬೆರೆಸಿ ಕೊಡುತ್ತಾಳೆ. ಕುಡಿಯುತ್ತಾರೆ. ಇಷ್ಟರಲ್ಲಿ ಹೊಟ್ಟೆಬಾಕತನ ಎಲ್ಲಿ ಬಂತು? ಸಮುದ್ರದಲ್ಲಿ ದಣಿದು ಬಂದವರು, ಮನೆಯೊಡತಿ ಕರೆದು ಕೊಟ್ಟದ್ದನ್ನು ಕುಡಿದರು. ನೀವಾದರೂ ಕುಡಿಯುತ್ತಿದ್ದಿರಿ. ಊಟಕ್ಕೆ ಕರೆದು ಮದ್ದು ಹಾಕಿದವಳದು ತಪ್ಪೇ ಹೊರತು ಉಂಡವರದ್ದಲ್ಲ.

ಮುಂದಿನದು ಇನ್ನೂ ಮುಖ್ಯ. ತಲೆ, ದನಿ, ಬಿರುಗೂದಲು, ಆಕಾರ ಎಲ್ಲವೂ ಹಂದಿಯದಾಯಿತು. ಬುದ್ಧಿ ಮಾತ್ರ ಮೊದಲಿದ್ದಂತೆಯೇ ಉಳಿಯಿತು ಎಂದು ಹೋಮರ್ ಸ್ಪಷ್ಟವಾಗಿ ಹೇಳುತ್ತಾನೆ. ಅವರು ಅಳುತ್ತಾ ದೊಡ್ಡಿಯೊಳಗೆ ಹೋದರು. ನಾನು ತರಗತಿಯಲ್ಲಿ ಹೇಳುತ್ತಿದ್ದುದು ಇದಕ್ಕೆ ನೇರ ವಿರುದ್ಧ: ಅವರ ಮನಸ್ಸು ಮೊದಲೇ ಹಂದಿಯದಾಗಿತ್ತು, ದೇಹ ಆಮೇಲೆ ಆಯಿತು ಎಂದು! ಕೊನೆಗೆ ಸರ್ಸಿ ಅವರಿಗೆ ಇನ್ನೊಂದು ಮದ್ದು ಸವರಿದಾಗ ಅವರು ಮತ್ತೆ ಮನುಷ್ಯರಾದರು. ಅಷ್ಟೇ ಅಲ್ಲ, ಮೊದಲಿಗಿಂತ ಕಿರಿಯರಾಗಿ, ಚೆಲುವರಾಗಿ, ಎತ್ತರವಾಗಿ ಕಂಡರು. ಪಾಪಕ್ಕೆ ಶಿಕ್ಷೆ ಎನ್ನುವವರು ಈ ಸಾಲುಗಳನ್ನು ಏನು ಮಾಡುತ್ತಾರೋ ತಿಳಿಯದು.

ನೀತಿಯ ಲೇಪವನ್ನು ಹಚ್ಚಿದವರು ಆಮೇಲಿನವರು, ಅವರೂ ಯುರೋಪಿನವರೇ ಎಂಬುದನ್ನು ಒಪ್ಪಬೇಕು. ಸರ್ಸಿ ಜನರನ್ನು ಹಂದಿ ಮಾಡಿದ್ದು ಬಗೆಬಗೆಯ ಭಕ್ಷ್ಯಗಳನ್ನು ಉಣಿಸಿಯೇ ಇರಬೇಕು ಎಂದು ಸಾಕ್ರೆಟಿಸ್ ತಮಾಷೆ ಮಾಡುತ್ತಿದ್ದನೆಂದು ಅವನ ಶಿಷ್ಯ ಜೆನೊಫನ್ ಬರೆದಿದ್ದಾನೆ. ರೋಮಿನ ಕವಿ ಹೊರೇಸ್ ಅದನ್ನು ಗಂಭೀರ ಉಪದೇಶವಾಗಿ ಮಾಡಿದ. ಗುರುವಿನ ತಮಾಷೆ ಶಿಷ್ಯರ ಬಾಯಲ್ಲಿ ಉಪದೇಶವಾಗುವುದು ಎಲ್ಲ ದೇಶದಲ್ಲೂ ನಡೆಯುತ್ತದೆ. ಅಲ್ಲಿಂದ ಪಠ್ಯಪುಸ್ತಕಕ್ಕೆ ಎಷ್ಟು ದೂರ? ಆದರೆ ಅದೇ ಯುರೋಪಿನಲ್ಲಿ ಇದಕ್ಕೆ ಉತ್ತರ ಕೊಟ್ಟವನೂ ಇದ್ದ. ಸುಮಾರು 1900 ವರ್ಷಗಳ ಹಿಂದೆ ಪ್ಲುಟಾರ್ಕ್ ಒಂದು ಸಂಭಾಷಣೆಯನ್ನು ಬರೆದ. ಅದರಲ್ಲಿ ಗ್ರಿಲ್ಲಸ್ ಎಂಬ ಗ್ರೀಕ ಸರ್ಸಿಯ ಮದ್ದಿನಿಂದ ಹಂದಿಯಾಗಿದ್ದಾನೆ. ಒಡಿಸ್ಸಿಯಸ್ ಅವನನ್ನು ಬಿಡಿಸಲು ಬಂದರೆ ಅವನು ಬರುವುದಿಲ್ಲ! ಮನುಷ್ಯನ ಧೈರ್ಯದಲ್ಲಿ ಮೋಸವಿದೆ, ಕಾನೂನಿನ ಭಯವಿದೆ, ಪ್ರಾಣಿಯ ಧೈರ್ಯ ಶುದ್ಧ. ಪ್ರಾಣಿಗಳಲ್ಲಿ ಹೆಣ್ಣೂ ಗಂಡಿನಷ್ಟೇ ಶೂರೆ. ಕೆಸರಿನಲ್ಲಿ ಮಲಗಿದವನಿಗೆ ಚಿನ್ನದ ಆಸೆಯಿಲ್ಲ. ಹೀಗೆ ಒಂದೊಂದಾಗಿ ವಾದ ಹೂಡುತ್ತಾನೆ. ಮಹಾ ಚತುರನಾದ ಒಡಿಸ್ಸಿಯಸ್‌ಗೆ ಸರಿಯಾದ ಉತ್ತರ ಹೊಳೆಯುವುದಿಲ್ಲ. ಇದು ಹಾಸ್ಯವೆಂದು ತಳ್ಳಿಹಾಕುವವರಿದ್ದಾರೆ. ಹಾಸ್ಯವೇ ಇರಲಿ, ಹಂದಿಯನ್ನು ಬರಿಯ ಪಾಪವೆಂದು ತಿಳಿದ ಜನ ಇಂಥ ಹಾಸ್ಯ ಬರೆಯಲಾರರು.

ಇನ್ನು ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದವನು ಯೂಮೇಯಸ್. ನಮ್ಮ ಸಭೆಗಳಲ್ಲಿ ಸರ್ಸಿಯ ಹೆಸರು ಹೇಳುವವರು ಇವನ ಹೆಸರೆತ್ತುವುದಿಲ್ಲ. ಒಡಿಸ್ಸಿಯಸ್ ಇಪ್ಪತ್ತು ವರ್ಷಗಳ ಮೇಲೆ ತನ್ನ ದ್ವೀಪಕ್ಕೆ ಭಿಕ್ಷುಕನ ವೇಷದಲ್ಲಿ ಬಂದಾಗ ಮೊದಲು ಹೋಗುವುದು ಅರಮನೆಗಲ್ಲ, ಹೆಂಡತಿಯ ಬಳಿಗಲ್ಲ, ಹಂದಿ ಕಾಯುವವನ ಗುಡಿಸಲಿಗೆ. ಹೋಮರ್ ಆ ದೊಡ್ಡಿಯನ್ನು ವರ್ಣಿಸುವ ಬಗೆಯನ್ನು ನೋಡಬೇಕು. ಯೂಮೇಯಸ್ ಯಾರ ಸಹಾಯವೂ ಇಲ್ಲದೆ, ತಾನೇ ಕಲ್ಲು ಹೊತ್ತು ಕಟ್ಟಿದ ಗೋಡೆ, ಮೇಲೆ ಮುಳ್ಳಿನ ಬೇಲಿ. ಒಳಗೆ ಹನ್ನೆರಡು ಗೂಡು, ಒಂದೊಂದರಲ್ಲಿ ಐವತ್ತು ಹೆಣ್ಣು ಹಂದಿ. ಗಂಡುಹಂದಿಗಳು ಹೊರಗೆ, ಅರಮನೆಯಲ್ಲಿ ಬೀಡುಬಿಟ್ಟ ಪುಂಡರು ದಿನಕ್ಕೊಂದನ್ನು ತಿಂದು ಮುಗಿಸುತ್ತಿರುವುದರಿಂದ ಉಳಿದಿರುವುದು 360. ಕಾವಲಿಗೆ ನಾಲ್ಕು ನಾಯಿ. ಯುದ್ಧದ ಹಡಗುಗಳನ್ನು ಎಣಿಸಿದ ಕವಿ ಹಂದಿಗಳನ್ನೂ ಅಷ್ಟೇ ಶ್ರದ್ಧೆಯಿಂದ ಎಣಿಸುತ್ತಾನೆ.

ಈ ಹಂದಿಗಾಹಿಗೆ ಹೋಮರ್ ಕೊಡುವ ವಿಶೇಷಣ ‘ದಿಯೋಸ್’, ಅಂದರೆ ದಿವ್ಯನಾದ, ಉದಾತ್ತನಾದ. ಅಕಿಲೀಸ್‌ಗೂ ಒಡಿಸ್ಸಿಯಸ್‌ಗೂ ಕೊಡುವ ವಿಶೇಷಣವೇ ಇದು. ಛಂದಸ್ಸು ತುಂಬಿಸಲು ಹಾಕಿದ ಪದ ಎನ್ನುವ ವಿದ್ವಾಂಸರಿದ್ದಾರೆ. ಇರಬಹುದು. ಆದರೆ ಇನ್ನೊಂದು ಸಂಗತಿಗೆ ಅವರು ಅಷ್ಟು ಸುಲಭವಾಗಿ ಉತ್ತರ ಹೇಳಲಾರರು. ಇವನು ಮಾತನಾಡುವಾಗ ಹಲವು ಕಡೆ ಹೋಮರ್ ‘ಅವನು ಹೇಳಿದ’ ಎನ್ನುವುದಿಲ್ಲ. ಕಥೆಯಿಂದ ಹೊರಬಂದು, ಎದುರಿಗೆ ಕುಳಿತವನೊಡನೆ ಆಡುವಂತೆ, ‘ನೀನು ಹೇಳಿದೆ’ ಎನ್ನುತ್ತಾನೆ. ಇಡೀ ‘ಒಡಿಸ್ಸಿ’ಯಲ್ಲಿ ಕವಿ ಹೀಗೆ ನೇರವಾಗಿ ಮಾತನಾಡಿಸುವ ಪಾತ್ರ ಇವನೊಬ್ಬನೇ. ರಾಜನನ್ನಲ್ಲ, ರಾಣಿಯನ್ನಲ್ಲ, ಹಂದಿ ಕಾಯುವವನನ್ನು. ನಾಯಿಗಳು ಮೇಲೆ ಬಿದ್ದಾಗ ಕಲ್ಲೆಸೆದು ಓಡಿಸಿ, ಭಿಕ್ಷುಕನನ್ನು ಒಳಗೆ ಕರೆದು, ತನ್ನ ಹಾಸಿಗೆಯ ತುಪ್ಪಳವನ್ನೇ ಹಾಸಿ ಕೂರಿಸುತ್ತಾನೆ. ಅತಿಥಿಗಳೂ ಬೇಡಿ ಬರುವವರೂ ದೇವರ ಕಡೆಯವರು ಎಂಬುದು ಅವನ ನಂಬಿಕೆ. ಕೊಬ್ಬಿದ ಹಂದಿಗಳು ಅರಮನೆಯ ಪುಂಡರಿಗೆ ಮೀಸಲು, ಆಳುಗಳ ಪಾಲಿಗೆ ಮರಿಗಳು ಮಾತ್ರ ಎಂದು ಸಂಕೋಚದಿಂದ ಹೇಳಿ ಎರಡು ಮರಿಗಳನ್ನು ಸುಟ್ಟು ಬಡಿಸುತ್ತಾನೆ. ‘ಅತಿಥಿ ದೇವೋ ಭವ’ ಎಂದು ಗೋಡೆಯ ಮೇಲೆ ಬರೆಸಿದ ನಮ್ಮ ಎಷ್ಟು ಮನೆಗಳಲ್ಲಿ ಹರಕು ಬಟ್ಟೆಯವನಿಗೆ ಒಳಗೆ ಕೂರಲು ಜಾಗವಿದೆ? ಇವನೂ ಹುಟ್ಟಿನಿಂದ ರಾಜಕುಮಾರನೇ. ಬಾಲ್ಯದಲ್ಲಿ ಫಿನೀಷಿಯದ ವ್ಯಾಪಾರಿಗಳು ಕದ್ದು ತಂದು ಮಾರಿದರು. ಆದರೆ ಕಥೆ ಅವನನ್ನು ಗೌರವಿಸುವುದು ಅದಕ್ಕಾಗಿ ಅಲ್ಲ. ಆ ವಿಷಯ ತಿಳಿಯುವುದು ಮುಂದಿನ ಕಾಂಡದಲ್ಲಿ, ಗೌರವವೆಲ್ಲ ಸಂದ ಮೇಲೆ.

ಸರಿ, ಇದು ಕಾವ್ಯದ ಮಾತಾಯಿತು, ಪೂಜೆಯ ಮಾತೇನು ಎಂದು ಕೇಳಬಹುದು. ಹೇಳುತ್ತೇನೆ. ಗ್ರೀಕರ ಧಾನ್ಯದೇವತೆ ಡಿಮೀಟರ್. ಅವಳ ಮಗಳು ಪರ್ಸಿಫೊನಿಯನ್ನು ಪಾತಾಳದ ಒಡೆಯ ಅಪಹರಿಸಿದ್ದು, ತಾಯಿಯ ದುಃಖದಿಂದ ಭೂಮಿಯಲ್ಲಿ ಬೆಳೆ ನಿಂತದ್ದು ನಿಮಗೆ ಗೊತ್ತು. ಆ ಕಥೆಯ ಒಂದು ಪಾಠದಲ್ಲಿ, ನೆಲ ಬಿರಿದು ಹುಡುಗಿ ಒಳಗೆ ಹೋದಾಗ ಅಲ್ಲೇ ಹಂದಿ ಮೇಯಿಸುತ್ತಿದ್ದ ಯೂಬುಲಿಯಸ್ ಎಂಬವನ ಹಂದಿಗಳೂ ಅವಳೊಡನೆ ಬಿರುಕಿಗೆ ಬಿದ್ದವು. ಇದರ ನೆನಪಿಗಾಗಿ ‘ಥೆಸ್ಮೊಫೊರಿಯಾ’ ಎಂಬ ವ್ರತ. ಬಿತ್ತನೆಯ ಕಾಲದಲ್ಲಿ, ಹೆಂಗಸರು ಮಾತ್ರ ಸೇರಿ ನಡೆಸುತ್ತಿದ್ದುದು, ಗಂಡಸರಿಗೆ ಪ್ರವೇಶವಿರಲಿಲ್ಲ. ಆಳವಾದ ಕುಳಿಗಳಿಗೆ ಹಂದಿಮರಿಗಳನ್ನು ಎಸೆಯುತ್ತಿದ್ದರು. ಮೂರು ದಿನ ಶುದ್ಧಿಯಲ್ಲಿದ್ದ ಹೆಂಗಸರು ಕುಳಿಗಿಳಿದು, ಕೊಳೆತು ಉಳಿದದ್ದನ್ನು ಮೇಲೆ ತಂದು ದೇವಿಯ ಪೀಠದ ಮೇಲಿಡುತ್ತಿದ್ದರು. ಅದನ್ನು ಬಿತ್ತನೆಯ ಬೀಜದೊಡನೆ ಬೆರೆಸಿದರೆ ಬೆಳೆ ಹುಲುಸಾಗುತ್ತದೆ ಎಂಬ ನಂಬಿಕೆ. ಓದುವಾಗ ಮೂಗು ಮುಚ್ಚಿಕೊಳ್ಳಬೇಡಿ. ತಿಪ್ಪೆಯ ಗೊಬ್ಬರವಿಲ್ಲದೆ ನಮ್ಮ ಅಜ್ಜಂದಿರು ರಾಗಿ ಬೆಳೆದಿಲ್ಲ. ಕೊಳೆತದ್ದರಿಂದಲೇ ಮೊಳಕೆ ಬರುತ್ತದೆ ಎಂದು ಬಲ್ಲ ರೈತರ ಪೂಜೆ ಅದು.

ಎಲ್ಯೂಸಿಸ್‌ನಲ್ಲಿ ಅದೇ ದೇವಿಯ ರಹಸ್ಯದೀಕ್ಷೆ ಪಡೆಯುವವರು ಹಂದಿಮರಿಯೊಂದನ್ನು ಕರೆದುಕೊಂಡು ಹೋಗಿ, ಅದರೊಡನೆ ಸಮುದ್ರಸ್ನಾನ ಮಾಡಿ, ಆಮೇಲೆ ಬಲಿ ಕೊಡುತ್ತಿದ್ದರು. ಆ ಊರು ತನ್ನ ನಾಣ್ಯದ ಮೇಲೆ ಹಂದಿಯನ್ನೇ ಅಚ್ಚು ಹಾಕಿಸಿತು. ಇಂದಿನ ತುರ್ಕಿಯ ದಡದಲ್ಲಿದ್ದ ಗ್ರೀಕರ ನಗರ ನೈಡೋಸ್‌ನಲ್ಲಿ ಡಿಮೀಟರ್‌ಗೆ ಹರಕೆ ಒಪ್ಪಿಸಿದ ಅಮೃತಶಿಲೆಯ ಹಂದಿಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ನಾವು ದೇವಸ್ಥಾನಕ್ಕೆ ಬೆಳ್ಳಿಯ ತೊಟ್ಟಿಲು, ಬೆಳ್ಳಿಯ ಕಣ್ಣು ಒಪ್ಪಿಸುವಂತೆಯೇ ಅವರು ಕಲ್ಲಿನ ಹಂದಿ ಒಪ್ಪಿಸಿದರು. ‘ದಿ ಗೋಲ್ಡನ್ ಬೋ’ ಬರೆದ ಫ್ರೇಜರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಡಿಮೀಟರ್ ದೇವಿಯೇ ಮೂಲದಲ್ಲಿ ಹಂದಿಯಾಗಿದ್ದಳು ಎಂದ. ಅದಕ್ಕೆ ಸಾಕ್ಷ್ಯ ಸಾಲದು; ನನ್ನ ವಾದಕ್ಕೆ ಅನುಕೂಲ ಎಂಬ ಕಾರಣಕ್ಕೆ ನಾನದನ್ನು ಎತ್ತಿಕೊಳ್ಳುವುದಿಲ್ಲ.

ಇಲ್ಲಿಗೆ ಬಂದಾಗ ಕಿಲಾಡಿ ವಿದ್ಯಾರ್ಥಿಯೊಬ್ಬ ಎದ್ದು ನಿಲ್ಲುತ್ತಾನೆಂದು ನನಗೆ ಗೊತ್ತು. ಅವನ ಆಕ್ಷೇಪ ಹೀಗಿರುತ್ತದೆ: ಸಾರ್, ಪುರಾಣಗಳು ಗೌರವಿಸಿದ್ದು ಕಾಡುಹಂದಿಯನ್ನು. ನಮ್ಮ ವರಾಹನಿಗೂ ಕೋರೆಯಿದೆ. ಕೇರಿಯಲ್ಲಿ ತಿರುಗುವ ಸಾಕುಹಂದಿಯನ್ನು ಯಾರು ಗೌರವಿಸಿದರು?

ಗಟ್ಟಿಯಾದ ಆಕ್ಷೇಪ, ಅರ್ಧ ನಿಜವೂ ಹೌದು. ಯುರೋಪಿನಲ್ಲಿ ಕಾಡುಹಂದಿ ವೀರರ ಸಮಬಲ. ಕ್ಯಾಲಿಡಾನಿನ ಕಾಡುಹಂದಿಯನ್ನು ಕೊಲ್ಲಲು ಗ್ರೀಸಿನ ವೀರರೆಲ್ಲ ಸೇರಬೇಕಾಯಿತು. ಎರಿಮ್ಯಾಂಥಸ್ ಬೆಟ್ಟದ ಹಂದಿಯನ್ನು ಹರ್ಕ್ಯುಲೀಸ್ ಹೊತ್ತು ತಂದಾಗ ರಾಜ ಯೂರಿಸ್ತಿಯಸ್ ಹೆದರಿ ಹೂಳಿಟ್ಟ ಹಂಡೆಯೊಳಗೆ ಅಡಗಿದ. ಐರ್ಲೆಂಡಿನ ಡಿಯರ್ಮಿಡ್ ಬೆನ್ ಬುಲ್ಬೆನ್ ಬೆಟ್ಟದಲ್ಲಿ ಹಂದಿಯಿಂದಲೇ ಸತ್ತ. ಬಾಲ್ಟಿಕ್ ತೀರದ ಜನ ಹಂದಿಯ ಆಕೃತಿಯನ್ನು ಧರಿಸಿಕೊಂಡರೆ ಆಯುಧವಿಲ್ಲದಿದ್ದರೂ ಶತ್ರುಗಳ ನಡುವೆ ನಿರ್ಭಯರಾಗಿರುತ್ತಾರೆ ಎಂದು ರೋಮಿನ ಟ್ಯಾಸಿಟಸ್ ಕ್ರಿ.ಶ. 98ರಲ್ಲಿ ಬರೆದ; ಇಂಗ್ಲೆಂಡಿನ ಡರ್ಬಿಶೈರಿನಲ್ಲಿ 1848ರಲ್ಲಿ ಅಗೆದಾಗ ಸಿಕ್ಕ ಹಳೆಯ ಶಿರಸ್ತ್ರಾಣದ ನೆತ್ತಿಯ ಮೇಲೆ ಪುಟ್ಟ ಹಂದಿಯೊಂದು ನಿಂತಿದೆ. ಇದೆಲ್ಲ ಕಾಡಿನ ಹಂದಿಯದೇ, ಒಪ್ಪಿದೆ.

ಆದರೆ ಡಿಮೀಟರ್‌ಗೆ ಒಪ್ಪಿಸಿದ ಮರಿಗಳು ಎಲ್ಲಿಯವು? ಮನೆಯ ಹಿತ್ತಿಲಿನವು. ರೋಮಿನ ಮೂಲಪುರಾಣದಲ್ಲಿ ಟ್ರಾಯ್‌ನಿಂದ ತಪ್ಪಿಸಿಕೊಂಡು ಬಂದ ಈನಿಯಸ್‌ಗೆ ಇದೇ ನಿನ್ನ ನೆಲ ಎಂದು ಸೂಚನೆ ಕೊಟ್ಟದ್ದು ಗರುಡನಲ್ಲ, ಸಿಂಹವಲ್ಲ. ಮೂವತ್ತು ಮರಿಗಳಿಗೆ ಹಾಲೂಡುತ್ತಾ ಮಲಗಿದ್ದ ಬಿಳಿಯ ತಾಯಿ ಹಂದಿ. ಮೂವತ್ತು ವರ್ಷಗಳ ಮೇಲೆ ಅವನ ಮಗ ಕಟ್ಟಿದ ಊರಿಗೆ ‘ಬಿಳಿ’ ಎಂಬರ್ಥದ ಆಲ್ಬಾ ಎಂದೇ ಹೆಸರು. ಲವಿನಿಯಂ ಪಟ್ಟಣದಲ್ಲಿ ಆ ಹಂದಿಯ ಮತ್ತು ಮರಿಗಳ ಕಂಚಿನ ವಿಗ್ರಹಗಳಿದ್ದವೆಂದೂ, ಉಪ್ಪುನೀರಿನಲ್ಲಿ ಕೆಡದಂತೆ ಇಟ್ಟ ತಾಯಿಯ ದೇಹವನ್ನು ಪೂಜಾರಿಗಳು ತೋರಿಸುತ್ತಿದ್ದರೆಂದೂ ಕೃಷಿಯ ಬಗ್ಗೆ ಗ್ರಂಥ ಬರೆದ ವ್ಯಾರೊ ದಾಖಲಿಸಿದ್ದಾನೆ. ಮಹಾ ಸಾಮ್ರಾಜ್ಯವೊಂದು ತನ್ನ ಹುಟ್ಟನ್ನು ಬಾಣಂತಿ ಹಂದಿಯ ಮಗ್ಗುಲಲ್ಲಿ ಗುರುತಿಸಿಕೊಂಡಿತು.

ಉತ್ತರದ ನಾರ್ಸ್ ಜನರ ಬೆಳೆಯ ದೇವರು ಫ್ರೇ. ಅವನ ವಾಹನ ‘ಗುಲ್ಲಿನ್‌ಬುರ್ಸ್ತಿ’, ಚಿನ್ನದ ಬಿರುಗೂದಲಿನ ಹಂದಿ. ಆ ಕೂದಲಿನ ಹೊಳಪಿಗೆ ಕತ್ತಲೆಯೇ ನಿಲ್ಲದು. ಕುಳ್ಳ ಕಮ್ಮಾರರು ಹಂದಿಯ ಚರ್ಮವನ್ನು ಕುಲುಮೆಗೆ ಹಾಕಿ ಅದನ್ನು ತಯಾರಿಸಿದರಂತೆ. ಫ್ರೇಯ ತಂಗಿ ಫ್ರೇಯಾ ಪ್ರೇಮದ ದೇವತೆ, ಚೆಲುವೆ. ಅವಳ ಹೆಸರುಗಳಲ್ಲಿ ಒಂದು ‘ಸೀರ್’, ಅಂದರೆ ಹೆಣ್ಣು ಹಂದಿ. ಬೈಗುಳವಾಗಿ ಅಲ್ಲ, ನಾಮಾವಳಿಯ ಒಂದು ನಾಮವಾಗಿ! ಚಳಿಗಾಲದ ಯೂಲ್ ಹಬ್ಬದಲ್ಲಿ ಬಲಿಯ ಹಂದಿಯನ್ನು ಸಭೆಗೆ ತಂದಾಗ ಅದರ ಬೆನ್ನ ಕೂದಲಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡುತ್ತಿದ್ದರು. ನಾವು ಕರ್ಪೂರ ಮುಟ್ಟಿ ಆಣೆ ಮಾಡುವಂತೆ.

ವೇಲ್ಸಿನ ಹಳೆಯ ಕಥೆಗಳಲ್ಲಿ ಸಾಕುಹಂದಿ ಬಂದದ್ದೇ ಅನ್ಯಲೋಕದಿಂದ. ಆನೂನ್ ಎಂಬ ಆ ಲೋಕದ ರಾಜ ಪ್ರಡೆರಿಗೆ ಕಳಿಸಿದ ಉಡುಗೊರೆ ಅದು. ಅದನ್ನು ಮೋಸದಿಂದ ಕದ್ದದ್ದಕ್ಕೆ ಯುದ್ಧ ನಡೆದು ಪ್ರಡೆರಿ ಸತ್ತ. ಕದ್ದ ಮಂತ್ರವಾದಿ ಗ್ವಿಡಿಯನ್‌ಗೆ ಮುಂದೊಂದು ದಿನ ಹಂದಿಯೇ ಉಪಕಾರ ಮಾಡಿತು. ಅವನು ಸಾಕಿದ ಹುಡುಗ ಲೇಯ್‌ಗೆ ಹೆಂಡತಿಯ ಪ್ರಿಯಕರ ಈಟಿಯಿಂದ ಇರಿದಾಗ ಅವನು ಹದ್ದಾಗಿ ಹಾರಿಹೋಗಿದ್ದ. ಗ್ವಿಡಿಯನ್ ದೇಶವೆಲ್ಲ ಅಲೆದು ಒಂದು ಮನೆಯಲ್ಲಿ ತಂಗುತ್ತಾನೆ. ಅಲ್ಲಿ ಹಂದಿ ಕಾಯುವವನು, ನಮ್ಮದೊಂದು ಹೆಣ್ಣು ಹಂದಿ ಬೆಳಗ್ಗೆ ದೊಡ್ಡಿಯ ಬಾಗಿಲು ತೆಗೆದ ಕೂಡಲೇ ಓಡಿಹೋಗುತ್ತದೆ, ಎಲ್ಲಿಗೆಂದು ಯಾರಿಗೂ ತಿಳಿಯದು, ಎನ್ನುತ್ತಾನೆ. ಮರುದಿನ ಗ್ವಿಡಿಯನ್ ಅದರ ಹಿಂದೆ ಹೋಗುತ್ತಾನೆ. ಹಂದಿ ಒಂದು ಓಕ್ ಮರದ ಕೆಳಗೆ ನಿಂತು ಮೇಯುತ್ತಿದೆ. ಏನನ್ನು? ಮರದ ತುದಿಯಲ್ಲಿ ಕುಳಿತ ಹದ್ದು ಮೈ ಕೊಡವಿದಾಗಲೆಲ್ಲ ಉದುರುವ ಕೊಳೆತ ಮಾಂಸವನ್ನು, ಹುಳುಗಳನ್ನು. ಆ ಹದ್ದೇ ಲೇಯ್. ಮಂತ್ರವಾದಿಗೆ ಕಾಣದ ದಾರಿ ಹಂದಿಗೆ ತಿಳಿದಿತ್ತು. ಅದೂ ನಾವು ಅಸಹ್ಯಪಡುವ ಅದರ ಮೇವಿನಿಂದಲೇ. ನನ್ನ ಕಿಲಾಡಿ ವಿದ್ಯಾರ್ಥಿ ಈಗ ಕುಳಿತುಕೊಳ್ಳಬಹುದು.

ಹಾಗಾದರೆ ಹಂದಿ ಬೈಗುಳವಾದದ್ದು ಹೇಗೆ? ಕ್ರೈಸ್ತಧರ್ಮ ಬಂದದ್ದೇ ಕಾರಣ ಎಂದು ಕೆಲವರು ಒಂದೇ ಏಟಿಗೆ ಹೇಳುತ್ತಾರೆ. ಅಷ್ಟು ಸರಳವಲ್ಲ. ಸಂತ ಅಂತೋಣಿಯ ಪಕ್ಕದಲ್ಲಿ ಚಿತ್ರಕಾರರು ತಪ್ಪದೆ ಹಂದಿಯೊಂದನ್ನು ಬರೆದರು. ಅವನ ಹೆಸರಿನ ಸನ್ಯಾಸಿಗಳು ಆಸ್ಪತ್ರೆ ನಡೆಸುತ್ತಿದ್ದರು. ಕೆಟ್ಟ ಧಾನ್ಯ ತಿಂದು ಕೈಕಾಲು ಉರಿದು ಕೊಳೆಯುವ ರೋಗಕ್ಕೆ ಹಂದಿಯ ಕೊಬ್ಬು ಸವರುತ್ತಿದ್ದರು. ಅವರ ಹಂದಿಗಳು ಕೊರಳಲ್ಲಿ ಗಂಟೆ ಕಟ್ಟಿಕೊಂಡು ಪಟ್ಟಣದ ಬೀದಿಯಲ್ಲಿ ಸ್ವತಂತ್ರವಾಗಿ ತಿರುಗಬಹುದಿತ್ತು, ಬಸವನ ಹಾಗೆ. 1131ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ಯುವರಾಜ ಫಿಲಿಪ್ಪನ ಕುದುರೆ ಹಂದಿಗೆ ಎಡವಿ ಅವನು ಸತ್ತ. ಬೀದಿ ಹಂದಿಗಳನ್ನು ನಿಷೇಧಿಸಿದರು. ಸಂತ ಅಂತೋಣಿಯವರ ಹಂದಿಗಳಿಗೆ ಮಾತ್ರ ರಿಯಾಯಿತಿ ಸಿಕ್ಕಿತು. ಫ್ರಾನ್ಸಿನ ಫಲೇಸ್ ಎಂಬಲ್ಲಿ 1386ರಲ್ಲಿ ಮಗುವನ್ನು ಕೊಂದ ಹೆಣ್ಣು ಹಂದಿಯನ್ನು ವಿಚಾರಣೆ ನಡೆಸಿ ಗಲ್ಲಿಗೇರಿಸಿದರು. 1457ರಲ್ಲಿ ಸವಿನ್ಯಿ ಎಂಬ ಊರಿನಲ್ಲಿ ಇಂಥದೇ ಇನ್ನೊಂದು ಮೊಕದ್ದಮೆಯಲ್ಲಿ ತಾಯಿ ಹಂದಿಗೆ ಮರಣದಂಡನೆಯಾಯಿತು. ಅದರ ಆರು ಮರಿಗಳ ಮೇಲಿನ ಆರೋಪ ಸಾಬೀತಾಗದೆ ಅವು ಉಳಿದುಕೊಂಡವು. ನಗು ಬರುತ್ತದೆ, ಹೌದು. ಆದರೆ ಸಾಕ್ಷಿಯಿಲ್ಲದೆ ಹಂದಿಮರಿಯನ್ನೂ ಶಿಕ್ಷಿಸಬಾರದು ಎಂದು ಆ ನ್ಯಾಯಾಲಯಕ್ಕೆ ಅನ್ನಿಸಿತ್ತಲ್ಲ.

ಅದೇ ಜನ ಅದೇ ಶತಮಾನಗಳಲ್ಲಿ ಮಾಡಿದ ಇನ್ನೊಂದು ಕೆಲಸಕ್ಕೆ ನಗು ಬರುವುದಿಲ್ಲ. ಜರ್ಮನಿಯ ವಿಟೆನ್‌ಬರ್ಗ್ ಪಟ್ಟಣದ ಚರ್ಚಿನ ಹೊರಗೋಡೆಯ ಮೇಲೆ ಹದಿಮೂರನೆಯ ಶತಮಾನದ ಕೊನೆಯ ಉಬ್ಬುಶಿಲ್ಪವೊಂದಿದೆ. ಹಂದಿ ಯಾರಿಗೆ ನಿಷಿದ್ಧವೋ ಆ ಯೆಹೂದ್ಯರು ಹಂದಿಯ ಮೊಲೆಗೆ ಬಾಯಿಟ್ಟಂತೆ ಕೆತ್ತಿದ್ದಾರೆ. ಅವರ ಧರ್ಮಗುರು ಅದರ ಬಾಲವೆತ್ತಿ ನೋಡುತ್ತಿದ್ದಾನೆ. ಆ ಪಟ್ಟಣದಲ್ಲೇ ಬೋಧಿಸುತ್ತಿದ್ದ ಮಾರ್ಟಿನ್ ಲೂಥರ್ 1543ರಲ್ಲಿ ಬರೆದ ಯೆಹೂದ್ಯವಿರೋಧಿ ಗ್ರಂಥದಲ್ಲಿ ಈ ಶಿಲ್ಪವನ್ನು ಸಂತೋಷದಿಂದ ವರ್ಣಿಸಿದ. ಇಂಥ ಶಿಲ್ಪ ಅದೊಂದೇ ಅಲ್ಲ; ಕಲೋನ್, ರೇಗನ್ಸ್‌ಬರ್ಗ್ ಕ್ಯಾಥೆಡ್ರಲ್‌ಗಳಲ್ಲೂ ಇವೆ. ಸ್ಪೇನಿನಲ್ಲಿ ಬಲವಂತದಿಂದ ಮತಾಂತರಗೊಂಡವರನ್ನು ಕರೆಯುತ್ತಿದ್ದ ‘ಮರ್ರಾನೊ’ ಎಂಬ ಪದಕ್ಕೆ ಹಂದಿ ಎಂಬ ಅರ್ಥವೂ ಇದೆ. ವಿಟೆನ್‌ಬರ್ಗಿನ ಶಿಲ್ಪವನ್ನು ತೆಗೆಸಬೇಕೆಂದು ಹೂಡಿದ ದಾವೆ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯದವರೆಗೆ ಹೋಯಿತು. 1988ರಲ್ಲಿ ಕೆಳಗೆ ನೆಲದಲ್ಲಿ ಹಾಕಿದ ಸ್ಮಾರಕ ಫಲಕ ಮತ್ತು ವಿವರಣೆಯಿಂದಾಗಿ ಅದು ಅವಮಾನದ ಬದಲು ಎಚ್ಚರಿಕೆಯ ಗುರುತಾಗಿದೆ, ಆದ್ದರಿಂದ ತೆಗೆಯಬೇಕಾಗಿಲ್ಲ ಎಂದು 2022ರಲ್ಲಿ ತೀರ್ಪಾಯಿತು. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ. ಫಲಕ ಓದುವವನು ತಲೆ ತಗ್ಗಿಸಿ ಓದಬೇಕು. ಶಿಲ್ಪ ತಲೆ ಎತ್ತಿದವರಿಗೆಲ್ಲ ಕಾಣುತ್ತದೆ.

ಇಲ್ಲಿ ಒಂದನ್ನು ಗಮನಿಸಿ. ಆ ಶಿಲ್ಪ ಕೆತ್ತಿದವರು ಹಂದಿಯನ್ನು ದ್ವೇಷಿಸುತ್ತಿರಲಿಲ್ಲ. ಸಾಕುತ್ತಿದ್ದರು, ಉಣ್ಣುತ್ತಿದ್ದರು, ಸಂತನ ಪಕ್ಕದಲ್ಲಿ ಚಿತ್ರಿಸುತ್ತಿದ್ದರು. ಇಂದಿಗೂ ಜರ್ಮನ್ನರು ಹೊಸವರ್ಷಕ್ಕೆ ಬಾದಾಮಿಯ ಸಿಹಿಯಲ್ಲಿ ಮಾಡಿದ ಪುಟ್ಟ ಹಂದಿಯನ್ನು ಶುಭವಾಗಲೆಂದು ಕೊಡುತ್ತಾರೆ. ಅವರ ಮಾತಿನಲ್ಲಿ ಹಂದಿ ಸಿಕ್ಕಿತು ಎಂದರೆ ಅದೃಷ್ಟ ಒಲಿಯಿತು ಎಂದರ್ಥ. ದ್ವೇಷ ಇದ್ದದ್ದು ನೆರೆಮನೆಯವನ ಮೇಲೆ. ಕೊಳಕು ಎಂಬುದು ನೆಪ. ಹಂದಿಯ ಮೈಗೆ ಬೆವರಿ ತಣ್ಣಗಾಗುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ, ಬಿಸಿಲಿಗೆ ತಾಳಲಾರದೆ ಕೆಸರಿಗಿಳಿಯುತ್ತದೆ, ಅಷ್ಟೇ. ಮೈಗೆ ತಂಪು ಹುಡುಕುವುದು ಕೊಳಕಾದರೆ ಬೇಸಿಗೆಯಲ್ಲಿ ನಾವು ಮಾಡುವುದೇನು?

ಆ ಸಭೆಯಲ್ಲಿ ವರಾಹನಿಗೆ ಚಪ್ಪಾಳೆ ತಟ್ಟಿದ ನಾವು ಮನೆಗೆ ಬಂದು ಮಕ್ಕಳನ್ನು ಹೇಗೆ ಬೈಯುತ್ತೇವೆ? ಹಂದಿ ಸಾಕಿ ಬದುಕುವವರನ್ನು ಊರಿನ ಯಾವ ಮೂಲೆಯಲ್ಲಿ ಇಟ್ಟಿದ್ದೇವೆ? ದೇವರಿಗೆ ಕೊಟ್ಟ ಗೌರವದಲ್ಲಿ ಒಂದು ಕಾಳೂ ಆ ದೊಡ್ಡಿಯ ಕಡೆಗೆ ಉದುರಲಿಲ್ಲ. ಯುರೋಪಿನವರನ್ನು ಹೀಗಳೆಯುವ ಮೊದಲು ಹೇಳಬೇಕಾಗಿದ್ದ ಮಾತು ಇದು. ಆ ದಿನ ಎದ್ದು ಹೇಳುವ ಧೈರ್ಯ ನನಗಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ನಾಚಿಕೆಯ ಇನ್ನೊಂದು ಕಾರಣ ಹೇಳುತ್ತೇನೆಂದಿದ್ದೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಎಂಟನೆಯ ತರಗತಿ, ಮಧ್ಯಾಹ್ನದ ಅವಧಿ. ಸರ್ಸಿ ಕೋಲು ತಾಕಿಸಿದಳು, ಎಲ್ಲರೂ ಹಂದಿಗಳಾದರು ಎಂದು ನಾನು ನಾಟಕೀಯವಾಗಿ ಹೇಳಿದ ಕೂಡಲೇ ಇಡೀ ತರಗತಿ ಹಿಂದಿನ ಬೆಂಚಿನ ಒಬ್ಬ ಹುಡುಗನ ಕಡೆ ತಿರುಗಿ ನಕ್ಕಿತು. ಅವನ ಮನೆಯವರು ಊರಾಚೆ ಹಂದಿ ಸಾಕುತ್ತಿದ್ದರು. ನಾನು ನಗುವನ್ನು ನಿಲ್ಲಿಸಲಿಲ್ಲ. ನಾನೂ ನಕ್ಕೆ. ಅವನು ಅಳಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ, ನಗು ನಿಂತ ಮೇಲೆ ಎದ್ದು ನಿಂತು ಕೇಳಿದ: “ಸಾರ್, ಆ ಹಂದಿಗಳ್ನ ಆಮೇಲೆ ಯಾರು ನೋಡ್ಕೊಂಡ್ರು ಸಾರ್?”

“ಕೂತ್ಕೊಳೋ” ಎಂದೆ. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಏಕೆಂದು ನಾನು ವಿಚಾರಿಸಲೂ ಇಲ್ಲ.

ಅವನ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿತ್ತು. ನನಗೆ ಗೊತ್ತಿರಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಅವನ ಸಂಪರ್ಕವಿದ್ದರೆ ದಯವಿಟ್ಟು ಇದನ್ನು ಓದಿ ಹೇಳಿ. ಸರ್ಸಿಯ ದೊಡ್ಡಿಯಲ್ಲಿ ಅವಳೇ ಅವಕ್ಕೆ ಓಕ್ ಮರದ ಕಾಯಿಗಳನ್ನು ಎಸೆದಳು. ಇಥಾಕದ ಹಂದಿಗಳನ್ನು ನೋಡಿಕೊಂಡವನು ಯೂಮೇಯಸ್. ಹದಿನಾಲ್ಕನೆಯ ಕಾಂಡದ ಕೊನೆಯಲ್ಲಿ ಚಂದ್ರನಿಲ್ಲದ ರಾತ್ರಿ, ಸುರಿಯುವ ಮಳೆ, ಗಾಳಿ. ಅವನು ಅತಿಥಿಗೆ ಬೆಂಕಿಯ ಪಕ್ಕದಲ್ಲಿ ಹಾಸಿಗೆ ಹಾಸಿ, ತನ್ನ ದಪ್ಪ ಕಂಬಳಿಯನ್ನು ಹೊದಿಸಿದ. ಉಳಿದ ಆಳುಗಳೂ ಒಳಗೆ ಬೆಚ್ಚಗೆ ಮಲಗಿದರು. ಯೂಮೇಯಸ್‌ಗೆ ಮಾತ್ರ ಹಂದಿಗಳನ್ನು ಹೊರಗೆ ಬಿಟ್ಟು ಒಳಗೆ ಮಲಗಲು ಮನಸ್ಸು ಬರಲಿಲ್ಲ. ಹೆಗಲಿಗೆ ಕತ್ತಿ ತೂಗುಹಾಕಿಕೊಂಡು, ಗಾಳಿ ತಡೆಯುವ ಹೊದಿಕೆ ಹೊದ್ದು, ಮೇಕೆಯ ತುಪ್ಪಳವೊಂದನ್ನು ಎತ್ತಿಕೊಂಡು, ನಾಯಿಗಳನ್ನೂ ಕಳ್ಳರನ್ನೂ ಓಡಿಸಲು ಈಟಿ ಹಿಡಿದು ಹೊರಟ. ಬಿಳಿ ಕೋರೆಯ ಗಂಡುಹಂದಿಗಳು ಬಡಗಣ ಗಾಳಿ ತಾಕದಂತೆ ಬಂಡೆಯ ಪೊಟರೆಯೊಂದರ ಕೆಳಗೆ ಮಲಗಿದ್ದವು. ಅವನೂ ಅಲ್ಲೇ ಹೋಗಿ ಮಲಗಿದ.